ಬೇಡಿದ ಅರಿವಿ

ನನ್ನ ಹೆಸರಿನಲ್ಲಿ ತಿಪ್ಪೆ ಇದೆ. ಪೂರ್ತಿ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಇಷ್ಟು ತಿಳಿದರೆ ಸಾಕು. ವಿಜಯಪುರದ ಕಡೆಯವರಿಗೆ ಅದರಲ್ಲಿ ನಗುವಂಥದ್ದೇನೂ ಕಾಣುವುದಿಲ್ಲ. ಮದುವೆಯಾಗಿ ಮುಂಬಯಿಗೆ ಬಂದು, ಮುನಿಸಿಪಾಲಿಟಿಯ ಕನ್ನಡ ಶಾಲೆಯಲ್ಲಿ ಟೀಚರ್ ಆಗಿ ಸೇರಿದಾಗ, ಮಂಗಳೂರಿನ ಕಡೆಯ ಸಹೋದ್ಯೋಗಿಯೊಬ್ಬರು ಮೊದಲ ದಿನವೇ ಮುಖ ಹುಳ್ಳಗೆ ಮಾಡಿಕೊಂಡು, "ಇದೆಂಥ ಹೆಸರು ಮಾರಾಯ್ರೆ, ಚೇಂಜ್ ಮಾಡಿಕೊಳ್ಳಬಾರದಾ?" ಎಂದು ಕೇಳಿದ್ದರು. "ಈ ಹೆಸರಿನಿಂದಾನ ಬದುಕೀನ್ರಿ, ತೆಗೆದರ ಸತ್ತಗಿತ್ತೇನು" ಎಂದೆ. ಅವರು ತಮಾಷೆ ಎಂದುಕೊಂಡು ನಕ್ಕರು. ನಾನು ತಮಾಷೆ ಮಾಡಿರಲಿಲ್ಲ.

ನನ್ನ ಅವ್ವನಿಗೆ ನನಗಿಂತ ಮೊದಲು ಹುಟ್ಟಿದ ಯಾವ ಕೂಸೂ ದಕ್ಕಿರಲಿಲ್ಲ. ನಾನು ಹುಟ್ಟಿದ ಕೂಡಲೇ ಅಜ್ಜಿ ನನ್ನನ್ನು ಮೊರದಲ್ಲಿ ಮಲಗಿಸಿ, ಹಿತ್ತಲ ತಿಪ್ಪೆಯ ಅಂಚಿಗೆ ಇಟ್ಟು ಬಂದು, ಸ್ವಲ್ಪ ಹೊತ್ತು ಬಿಟ್ಟು, ಯಾರೋ ಬಿಸಾಕಿಹೋದ ಕೂಸು ಸಿಕ್ಕಿತೆಂಬಂತೆ ಎತ್ತಿಕೊಂಡು ಬಂದಳಂತೆ. ಕೂಸುಗಳನ್ನು ಕೊಂಡೊಯ್ಯುವ ಆ ಯಾರೋ ಒಬ್ಬರಿಗೆ ಈ ಕೂಸು ಈ ಮನೆಯದಲ್ಲ, ತಿಪ್ಪೆಯದು ಎಂದು ಅನಿಸಬೇಕು. ಅಷ್ಟಕ್ಕೇ ಬಿಡಲಿಲ್ಲ. ಮಕ್ಕಳು ಬದುಕಿ ಓಡಾಡಿಕೊಂಡಿದ್ದ ಐದು ಮನೆಗಳ ಬಾಗಿಲಲ್ಲಿ ನಿಂತು, ಸೆರಗೊಡ್ಡಿ, ಆ ಮನೆಯ ಮಕ್ಕಳು ಉಟ್ಟು ಹಳತಾದ ಒಂದೊಂದು ಗೇಣು ಬಟ್ಟೆ ಬೇಡಿ ತಂದಳು. ಅದರಿಂದ ನನಗೊಂದು ಕುಂಚಿಗೆ ಹೊಲಿದಳು. ಕುಂಚಿಗೆ ಎಂದರೆ ತಲೆಯ ಮೇಲೆ ಟೋಪಿಯಂತೆ ಕೂತು, ಬೆನ್ನ ಮೇಲೆ ಸೊಂಟದವರೆಗೆ ಇಳಿಯುವ, ಗದ್ದದ ಕೆಳಗೆ ಕಸಿ ಕಟ್ಟುವ ಕೂಸಿನ ಉಡುಪು. ಉಳ್ಳವರ ಮನೆಯಲ್ಲಿ ಖಣದ್ದು, ಜರಿಯದ್ದು ಇರುತ್ತದೆ. ನನ್ನದು ಭಿಕ್ಷುಕರ ಜೋಳಿಗೆಯ ಹಾಗಿತ್ತು. ಅದರ ಉದ್ದೇಶವೇ ಅದಾಗಿತ್ತು.

ಆ ಕುಂಚಿಗೆ ನನ್ನ ಹತ್ತಿರವೇ ಉಳಿಯಿತು. ಮಗಳು ಹುಟ್ಟಿದಾಗ ಅವಳಿಗೂ ಹಾಕಿ ಸ್ಟುಡಿಯೋದಲ್ಲಿ ಫೋಟೋ ತೆಗೆಸಿದೆ. ಅವಳಿಗಾಗಿ ಯಾರೂ ಬೇಡಬೇಕಾಗಿ ಬಂದಿರಲಿಲ್ಲ, ಹೀಗಾಗಿ ಆಗ ಅದು ಬರೀ ಶೋಭೆಗೆ. ಆಮೇಲೆ ಬೇವಿನೆಲೆ ಹಾಕಿ ಟ್ರಂಕಿನ ತಳಕ್ಕೆ ಸೇರಿಸಿದೆ. ನನ್ನವರು ತೀರಿಕೊಂಡ ಮೇಲೆ ನಾವಿದ್ದ ಚಾಳಿನ ಒಂದೇ ಕೋಣೆಯ ಖೋಲಿಯಲ್ಲಿ ನಾನು, ಟ್ರಂಕು, ಹೊಲಿಗೆಯ ಡಬ್ಬಿ.

ಊರಿನವರ ಮಕ್ಕಳಿಗೆಲ್ಲ ಕನ್ನಡ ಕಲಿಸಿದ ನಾನು ನನ್ನ ಮಗಳನ್ನು ಇಂಗ್ಲಿಷ್ ಮೀಡಿಯಮ್ಮಿಗೆ ಹಾಕಿದೆ. ಯಾಕೆ ಎಂದು ಕೇಳುವವರು ಮೊದಲು ತಮ್ಮ ಮಕ್ಕಳನ್ನು ಎಲ್ಲಿ ಓದಿಸಿದರು ಹೇಳಲಿ. ಮನೆಯಲ್ಲಿ ನನ್ನ ಬಾಯಿಂದ ಬಿದ್ದಷ್ಟು ಕನ್ನಡವನ್ನು ಅವಳು ಹೆಕ್ಕಿಕೊಂಡಳು. ಉಳಿದದ್ದು ಹಿಂದಿ. ಮದುವೆಯಾದದ್ದು ಉಡುಪಿಯ ಕಡೆಯ ಹುಡುಗನನ್ನು. ಫೋರ್ಟ್‌ನ ಬ್ಯಾಂಕೊಂದರಲ್ಲಿ ಕೆಲಸ, ಮಾತು ಮೃದು, ನನ್ನ ಭಾಷೆಯನ್ನು ಅಣಕಿಸುವುದರಲ್ಲಿ ಅವನಿಗೆ ಮಹಾ ಖುಷಿ. ನಾನು 'ಬ್ಯಾಡ' ಎನ್ನುವ ಕಡೆ ಅವನು 'ಬೇಡ' ಎನ್ನುತ್ತಾನೆ. ಮಗಳು ಮೂವತ್ತು ವರ್ಷ ನನ್ನ 'ಬ್ಯಾಡ'ದಲ್ಲಿ ಬೆಳೆದು, ಗಂಡನ ಮನೆಯಲ್ಲಿ 'ಬೇಡ' ಕಲಿತಳು. ಇದನ್ನೆಲ್ಲ ಯಾಕೆ ಹೇಳುತ್ತಿದ್ದೇನೆ ಎಂಬುದು ಮುಂದೆ ಗೊತ್ತಾಗುತ್ತದೆ.

ಅವಳ ಮೊದಲನೆಯದು ಹೊಟ್ಟೆಯಲ್ಲೇ ನಿಲ್ಲಲಿಲ್ಲ. ಎರಡನೆಯದು ತಿಂಗಳು ತುಂಬಿ ಹುಟ್ಟಿದ ಗಂಡು. ಅದಕ್ಕೆಂದು ಮೊದಲೇ ಕಪಾಟು ತುಂಬ ಬಟ್ಟೆ ತರಿಸಿಟ್ಟಿದ್ದಳು, ಕಾಲುಚೀಲ, ಕೈಚೀಲ, ಕರಡಿಯ ಕಿವಿಯಿದ್ದ ಟೋಪಿ. ನಾನು ಟ್ರಂಕಿನಿಂದ ಕುಂಚಿಗೆ ತೆಗೆದುಕೊಂಡು ಹೋದರೆ, "ಮಮ್ಮಿ, ಇದು ಎಷ್ಟು ಪುರಾನಾ, ಬೇಬಿಗೆ ಇನ್ಫೆಕ್ಷನ್ ಆಗ್ತದೆ" ಎಂದು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಹಿಂದಕ್ಕೆ ಕೊಟ್ಟಳು. ಆ ಕೂಸು ಒಂದು ಹಗಲನ್ನೂ ಪೂರ್ತಿ ನೋಡಲಿಲ್ಲ. ಕಪಾಟಿನಲ್ಲಿದ್ದ ಬಟ್ಟೆಯನ್ನೆಲ್ಲ ಮನೆಗೆಲಸದವಳಿಗೆ ಕೊಟ್ಟು, ಕಪಾಟನ್ನು ಬರಿದಾಗಿಯೇ ಇಟ್ಟುಕೊಂಡಳು. ಎರಡು ವರ್ಷ ಅದರಲ್ಲಿ ಒಂದು ಕರವಸ್ತ್ರ ಕೂಡ ಇಡಲಿಲ್ಲ.

ಮೂರನೆಯ ಸಲ ದಿನ ತಪ್ಪಿದ್ದನ್ನು ಅವಳು ಬಹಳ ದಿನ ಯಾರಿಗೂ ಹೇಳಲಿಲ್ಲ. ಹೊಟ್ಟೆ ಕಾಣಿಸತೊಡಗಿದ ಮೇಲೆ ಒಂದು ಮಧ್ಯಾಹ್ನ ಫೋನ್ ಮಾಡಿದಳು. ನಾನು ಅಕ್ಕಿ ಆರಿಸುತ್ತಿದ್ದೆ. "ಮಮ್ಮಿ, ನಿಂದು ಆ ಕುಂಚಿ ಇದೆ ಅಲ್ಲ? ನೀ ಅದರಿಂದ ಉಳಿದಿ ಅಲ್ಲ? ನನ್ ಬೇಬಿಗೂ ಹಂಗೇ ಮಾಡು. ಏನೇನು ಮಾಡ್ಬೇಕು, ಎಲ್ಲಾ ಮಾಡು" ಎಂದಳು. ದನಿಯಲ್ಲಿ ನಾಚಿಕೆಯೂ ಇತ್ತು, ಹೆದರಿಕೆಯೂ ಇತ್ತು. ಅದನ್ನು ಚೀಲದಲ್ಲಿ ಹಾಕಿ ಹಿಂದಕ್ಕೆ ಕೊಟ್ಟವಳು ಹೀಗೆ ಕೇಳುವಷ್ಟು ಸೋತಳಲ್ಲ ಎಂದು ನನಗೆ ಸಂಕಟವಾಯಿತು.

"ಆತವಾ. ಹಳೇ ಕುಂಚಿಗಿ ಮ್ಯಾಲೆ ಹೊಸಾ ತುಂಡು ಕೂಡಿಸಿ ಹೊಲಿತೀನಿ. ಆದರ ಐದು ಮನಿ ಬೇಡಿದ ಅರಿವಿ ಬೇಕಾಗ್ತೈತಿ" ಎಂದೆ. ನಮ್ಮಲ್ಲಿ ಬಟ್ಟೆಗೆ ಅರಿವಿ ಎನ್ನುತ್ತೇವೆ, ಅದು ಅವಳಿಗೆ ಗೊತ್ತು.

"ಓಕೆ ಓಕೆ, ಅದು ನಾನು ಅರೇಂಜ್ ಮಾಡ್ತೀನಿ."

ಬಸುರಿ ಹೋಗಿ ಎಲ್ಲಿ ಬೇಡುತ್ತಾಳೆ ಎಂದು ನಾನು ಯೋಚಿಸಬೇಕಿತ್ತು. ಅವಳ ಮಾತಿಗೆ ಹೂಂ ಎಂದು ಫೋನಿಟ್ಟು, ನನ್ನ ಪಾಡಿಗೆ ನಾನು ಬೇಡಲು ಹೊರಟೆ.

ಚಾಳಿನಲ್ಲಿ ಬೇಡುವುದು ಕಷ್ಟವಲ್ಲ. ಎದುರು ಖೋಲಿಯ ಮರಾಠಿ ಅಜ್ಜಿ ಮೊಮ್ಮಗನ ಅಂಗಿ ಕೊಟ್ಟಳು. ಹಳೆಯ ವಿದ್ಯಾರ್ಥಿನಿಯೊಬ್ಬಳು ಮೂರು ಗಂಡುಮಕ್ಕಳ ತಾಯಿ; "ಟೀಚರ್, ಇದೇನು ಮಾಡ್ತೀರಿ" ಎಂದು ಕಣ್ಣೀರು ಹಾಕಿಕೊಂಡೇ ಅಂಗಿಯ ತುಂಡು ಕೊಟ್ಟಳು. ಹಿಟ್ಟಿನ ಗಿರಣಿಯವನ ಹೆಂಡತಿ, ಮಾಟುಂಗದಲ್ಲಿ ದೇವಸ್ಥಾನದ ಮುಂದೆ ಹೂ ಮಾರುವವಳು, ಇವರೂ ಕೊಟ್ಟರು. ಬೇಡುವುದಕ್ಕೆ ಒಂದು ಕ್ರಮವಿದೆ. ನಿಮ್ಮ ಮಕ್ಕಳು ಬದುಕಿದ್ದಾರಾ ಎಂದು ಬಾಯಿ ಬಿಟ್ಟು ಕೇಳಬಾರದು, ಕೇಳಿದರೇ ಅಪಶಕುನ. ಬಾಗಿಲ ಮುಂದೆ ಸಣ್ಣ ಚಪ್ಪಲಿ ಇದೆಯೇ, ದಾರದ ಮೇಲೆ ಸಣ್ಣ ಚಡ್ಡಿ ಒಣಗುತ್ತಿದೆಯೇ ಎಂದು ನೋಡಿಕೊಂಡು ನಿಲ್ಲಬೇಕು. ಬಟ್ಟೆ ಉಟ್ಟದ್ದಾಗಿರಬೇಕು, ಒಗೆದದ್ದಾಗಿರಬೇಕು. ಕೊಡುವವರು ಕೈಗೆ ಕೊಡಬಾರದು, ಸೆರಗಿಗೆ ಹಾಕಬೇಕು. ಹೀಗೆ ನಾಲ್ಕು ಮನೆಯಾಯಿತು. ಒಂದು ಉಳಿಯಿತು.

ಡಬ್ಬಿ, ಕುಂಚಿಗೆ, ನಾಲ್ಕು ತುಂಡು ಕಟ್ಟಿಕೊಂಡು ಲೋಕಲ್ ಹತ್ತಿ ಅಂಧೇರಿಗೆ ಇಳಿದು, ರಿಕ್ಷಾ ಹಿಡಿದು ಮಗಳ ಬಿಲ್ಡಿಂಗಿಗೆ ಹೋದರೆ, ಅವಳ ಬಾಗಿಲ ಮುಂದೆ ಕಾಲಿಡಲು ಜಾಗವಿಲ್ಲ. ಚೀಲಗಳು. ಉಬ್ಬಿದ, ಹರಿದ, ಮಾಲ್‌ಗಳ ಹೆಸರಿದ್ದ ಚೀಲಗಳು. ಒಂದರಿಂದ ಯಾರದೋ ಹಳೆ ಜೀನ್ಸ್ ಕಾಲು ಹೊರಗೆ ಚಾಚಿಕೊಂಡಿತ್ತು.

"ಏನವಾ ಇದು?"

"ನೀನೇ ಹೇಳಿದ್ದಿ ಅಲ್ಲ, ಬೇಡದ ಬಟ್ಟೆ ಬೇಕು ಅಂತ? ಬಿಲ್ಡಿಂಗ್ ಗ್ರೂಪ್‌ನಲ್ಲಿ ಹಾಕ್ದೆ, ಮಕ್ಕಳದು ಬೇಡ ಆಗಿದ್ದು ಇದ್ರೆ ಕೊಡಿ ಅಂತ. ದೇಖೋ, ಎಷ್ಟು ಬಂದಿದೆ!"

ಅಳಿಯ ಒಳಗಿಂದ ನಗುತ್ತಾ ಬಂದ. "ಅತ್ತೆ, ನೀವು ಬೇಡಿದ್ದು ಅಂದದ್ದು, ಇವಳು ಬೇಡದ್ದು ಅಂತ ಮಾಡಿ ಇಟ್ಟಿದ್ದಾಳೆ. ಒಂದು ಗುಡಿಸು ಹಾರಿ ಹೋಗಿದೆ, ನೋಡಿ." ನಾನು ಜೀವಮಾನವಿಡೀ ಮಕ್ಕಳಿಗೆ ಬರೆಸಿದ ಗುಡಿಸು ಅದು. ಅದು ತಲೆಯ ಮೇಲಿದ್ದರೆ ಬೇಡಿ ಪಡೆದದ್ದು, ಇಲ್ಲದಿದ್ದರೆ ಯಾರಿಗೂ ಬೇಡವಾದದ್ದು. ಮಗಳಿಗೆ ವಿವರಿಸಿ ಹೇಳಿದಾಗ ಅವಳು ತಲೆ ಮೇಲೆ ಕೈಯಿಟ್ಟುಕೊಂಡು, ಆ ಚೀಲಗಳ ನಡುವೆಯೇ ನೆಲಕ್ಕೆ ಕೂತು, ಹೊಟ್ಟೆ ಹಿಡಿದು ನಕ್ಕಳು. ನಾವು ಮೂವರೂ ನಕ್ಕೆವು. ಆ ಮನೆಯಲ್ಲಿ ನಾವು ಹಾಗೆ ನಕ್ಕದ್ದು ಅದೇ ಕಡೆಯದು.

ಚೀಲಗಳನ್ನು ಒಂದು ಕಡೆ ಸೇರಿಸುವಾಗ ನನ್ನ ಕೈಗೆ ಒಂದು ಸಣ್ಣ ಅಂಗಿ ಸಿಕ್ಕಿತು. ಬಿಳಿಯ ಮಲ್‌ಮಲ್, ಮೈತುಂಬ ಹಳದಿ ಬಾತುಕೋಳಿ. ಅಷ್ಟು ಮೆತ್ತಗಿನ ಬಟ್ಟೆಯನ್ನು ನಾನು ಈಚೆಗೆ ಮುಟ್ಟಿರಲಿಲ್ಲ. ಮೂಸಿ ನೋಡಿದೆ, ಒಗೆದ ಸಾಬೂನಿನ ವಾಸನೆ. ಒಗೆದದ್ದು ಅಂದರೆ ಉಟ್ಟದ್ದು ಎಂದುಕೊಂಡೆ. ಐದನೆಯದು ಸಿಕ್ಕಿತು. ಆದರೆ ಚೀಲದಲ್ಲಿ ಬಂದದ್ದನ್ನು ಬೇಡಿದ್ದು ಎನ್ನಲಾಗುವುದಿಲ್ಲ. ಕೆಳಗಿನ ವಾಚ್‌ಮನ್‌ನನ್ನು ವಿಚಾರಿಸಿದರೆ ಆ ಚೀಲ ಒಂಬತ್ತನೆಯ ಮಹಡಿಯಿಂದ ಬಂದದ್ದೆಂದ. ಲಿಫ್ಟ್ ಹತ್ತಿ ಹೋದೆ.

ಬಾಗಿಲ ಪಕ್ಕದಲ್ಲಿ ಕೂಸನ್ನು ಕೂರಿಸಿ ತಳ್ಳುವ ಗಾಡಿ ನಿಂತಿತ್ತು. ಅದನ್ನು ನೋಡಿ ನೆಮ್ಮದಿಯಾಯಿತು. ಬೆಲ್ ಒತ್ತಿದೆ. ಬಾಗಿಲು ತೆಗೆದವಳು ನನ್ನ ಮಗಳ ವಯಸ್ಸಿನ ಹುಡುಗಿ, ಕೂದಲು ಬಾಚಿರಲಿಲ್ಲ. ನಾನು ಅಂಗಿಯನ್ನು ಅವಳ ಕೈಗೆ ಕೊಟ್ಟು, ಸೆರಗೊಡ್ಡಿ, ನನ್ನ ಶಾಲೆಯ ಹಿಂದಿಯಲ್ಲಿ, "ಬೇಟಿ, ನಿನ್ನ ಕೂಸಿನ ಈ ಬಟ್ಟೆಯನ್ನು ನನ್ನ ಮೊಮ್ಮಗುವಿಗೆ ಭಿಕ್ಷೆ ಹಾಕು" ಎಂದೆ. ಅವಳು ನನ್ನ ಮುಖವನ್ನೇ ನೋಡಿದಳು. "ಸಚ್‌ಮುಚ್ ಚಾಹಿಯೇ, ಆಂಟಿ?" ಎಂದು ಕೇಳಿದಳು, ನಿಜವಾಗಿಯೂ ಬೇಕೇ ಎಂದು. ಹೂಂ ಎಂದೆ. ಎರಡೂ ಕೈಯಿಂದ ಅಂಗಿಯನ್ನು ನನ್ನ ಸೆರಗಿಗೆ ಹಾಕಿದಳು. ಹಾಕಿದ ಮೇಲೂ ಅದರ ಒಂದು ತುದಿಯನ್ನು ಬಿಡಲಿಲ್ಲ. ಈ ಪೇಟೆಯ ಹುಡುಗಿ ಬೇಡುವವರನ್ನು ಇಷ್ಟು ಹತ್ತಿರದಿಂದ ಎಲ್ಲಿ ನೋಡಿದ್ದಾಳು ಎಂದುಕೊಂಡು ಇಳಿದು ಬಂದೆ.

ಮಗಳ ಮನೆಯ ಬಾಲ್ಕನಿಯಲ್ಲಿ ಬೆಳಕು ಚೆನ್ನಾಗಿತ್ತು. ವಿಮಾನ ತಲೆಯ ಮೇಲೇ ಹೋದಂತೆ ಹೋಗುತ್ತಿತ್ತು, ಆಗೆಲ್ಲ ಸೂಜಿ ನಿಲ್ಲಿಸಿ ಕೂರುತ್ತಿದ್ದೆ. ಹಳೆಯ ಕುಂಚಿಗೆಯ ಅಜ್ಜಿಯ ತುಂಡುಗಳು ಜೇಡನ ಬಲೆಯಷ್ಟು ತೆಳುವಾಗಿದ್ದವು. ಅವುಗಳನ್ನು ಕತ್ತರಿಸದೆ, ಅವುಗಳ ಮೇಲೆ ಹೊಸ ತುಂಡುಗಳನ್ನು ಇಟ್ಟು ಸುತ್ತ ಹೊಲಿದೆ. ಬಾತುಕೋಳಿಯದನ್ನು ಕೆನ್ನೆ ತಾಗುವ ಕಡೆ, ಒಳಮೈಗೆ ಇಟ್ಟೆ. ಅದು ಎಲ್ಲಕ್ಕಿಂತ ಮೆತ್ತಗಿತ್ತು, ಅದಕ್ಕೆ. ಕೂಸಿನ ಬಟ್ಟೆಗೆ ಮಷೀನು ಮುಟ್ಟಿಸಬಾರದು. ಗಂಟು, ಮಡಿಕೆ, ದಾರದ ತುದಿ ಎಲ್ಲ ಹೊರಗಡೆಗೆ ಬರಬೇಕು. ನೋಡುವವರಿಗೆ ಒರಟಾಗಿ ಕಂಡರೆ ಕಾಣಲಿ, ಒಳಗಿರುವ ಮೈಗೆ ಏನೂ ಚುಚ್ಚಬಾರದು.

ಮಗಳು ಪಕ್ಕದಲ್ಲಿ ಕಾಲು ಚಾಚಿ ಕೂತು ನೋಡುತ್ತಿದ್ದಳು. ಒಂದು ದಿನ ತಾನೂ ಹಾಕುತ್ತೇನೆಂದು ಸೂಜಿ ಕಸಿದುಕೊಂಡಳು. ಕಂಪ್ಯೂಟರ್ ಒತ್ತಿದ ಬೆರಳು, ಹೊಲಿಗೆ ಒಂದು ಆನೆಯಷ್ಟು, ಇನ್ನೊಂದು ಇರುವೆಯಷ್ಟು. ಬಿಚ್ಚಲು ಹೋದೆ, ಬಿಡಲಿಲ್ಲ. ಪ್ರತಿ ಸಾಲು ಮುಗಿದಾಗ ಕುಂಚಿಗೆಯೊಳಗೆ ಕಿರುಬೆರಳು ಹಾಕಿ ಸವರಿ, "ಚುಚ್ಚಲ್ಲ ಅಲ್ಲ, ಮಮ್ಮಿ?" ಎಂದು ಕೇಳುತ್ತಿದ್ದಳು. "ಇಲ್ಲವಾ, ಚುಚ್ಚೂದಿಲ್ಲ" ಎನ್ನುತ್ತಿದ್ದೆ. ಅವಳು ಸಣ್ಣವಳಿದ್ದಾಗ ಲೆಕ್ಕ ಸರಿಯಿದೆಯೇ ಎಂದು ಕೇಳುತ್ತಿದ್ದ ದನಿ ಅದು. ನನಗೆ ಬಹಳ ಸುಖವಾಗಿತ್ತು. ಈ ಸಲ ಉಳಿಯುತ್ತದೆ ಎಂದು ನಂಬಿಬಿಟ್ಟೆ.

ಆ ಬಿಲ್ಡಿಂಗಿನಲ್ಲಿ ನಾಲ್ಕೈದು ಮನೆಯ ಅಡುಗೆ ಮಾಡುವ ಒಬ್ಬ ಹೆಂಗಸು ನಮ್ಮ ಕಡೆಯವಳು, ಕಲಬುರಗಿ ಹತ್ತಿರದ ಹಳ್ಳಿ. ಮಗಳಿಗೆ ಚಪಾತಿ ಲಟ್ಟಿಸಲು ಬಂದವಳು ಬಾಲ್ಕನಿಗೆ ಇಣುಕಿ, ನನ್ನ ಕೈಯಲ್ಲಿದ್ದದ್ದನ್ನು ನೋಡಿ ಬಾಗಿಲಲ್ಲೇ ನಿಂತಳು.

"ಅಕ್ಕಾರ, ಆ ಬಾತುಕೋಳಿ ಅರಿವಿ ಒಂಬತ್ತನೇ ಮಾಳಗಿದೇನ್ರಿ?"

"ಹೌದು. ಯಾಕ?"

ಅವಳು ದನಿ ಇಳಿಸಿದಳು. "ಆ ಗಾಡಿ ಒಮ್ಮಿನೂ ಕೆಳಗ ಇಳಿದಿಲ್ರಿ. ಕೂಸು ದವಾಖಾನಿಯಿಂದ ಮನಿಗೇ ಬರಲಿಲ್ಲ. ಹೆರಿಗೆಗಿಂತ ಮೊದಲ ಅರಿವಿ ಎಲ್ಲಾ ನಾನಾ ಒಗೆದು ಹಾಕಿದ್ದೆ."

ಒಗೆದದ್ದು, ಆದರೆ ಉಟ್ಟದ್ದಲ್ಲ. ಸತ್ತ ಕೂಸಿನ ಬಟ್ಟೆಯನ್ನು, ಇನ್ನೂ ಹುಟ್ಟದ ಕೂಸಿನ ಕೆನ್ನೆಗೆ ನಾನೇ ಹೊಲಿದು ಇಟ್ಟಿದ್ದೆ. ಯಾರ ಕಣ್ಣು ತಪ್ಪಿಸಬೇಕೆಂದು ಇಷ್ಟೆಲ್ಲ ಮಾಡಿದೆನೋ ಅವರಿಗೆ ನಾನೇ ಗುರುತು ಕೊಟ್ಟಂತಾಗಿತ್ತು. ಮಗಳು ಒಳಗೆ ಮಲಗಿದ್ದಳು. ಕತ್ತರಿ ತೆಗೆದುಕೊಂಡು ಒಂದೊಂದೇ ಹೊಲಿಗೆ ಕತ್ತರಿಸಿ ಆ ತುಂಡನ್ನು ಬಿಡಿಸಿದೆ. ಆ ಜಾಗಕ್ಕೆ ನನ್ನ ನೀಲಿ ಸೀರೆಯ ಸೆರಗಿನ ತುದಿ ಹರಿದು ಹಚ್ಚಿದೆ. ಅದು ಬೇಡಿದ್ದಲ್ಲ, ಇರಲಿ, ಬದುಕಿರುವವರದ್ದಾದರೂ ಹೌದಲ್ಲ. ಬಿಡಿಸಿದ ತುಂಡನ್ನು ಕಸಕ್ಕೆ ಹಾಕಲು ಎದ್ದೆ, ಆಗಲಿಲ್ಲ. ಸೆರಗಿಗೆ ಬಿದ್ದದ್ದನ್ನು ಎಸೆಯುವ ಪದ್ಧತಿ ನಮ್ಮಲ್ಲಿಲ್ಲ. ಮಡಚಿ ಹೊಲಿಗೆಯ ಡಬ್ಬಿಯ ತಳಕ್ಕೆ ತುರುಕಿದೆ.

ಮಗಳು ಎದ್ದು ಬಂದು ಕುಂಚಿಗೆಯನ್ನು ತಿರುವಿ ನೋಡಿದಳು. "ಡಕ್ ಎಲ್ಲಿ?"

ಸುಳ್ಳು ಹೇಳುವುದು ನನಗೆ ಬರುವುದಿಲ್ಲ. ಹೇಳಿದೆ. ಅವಳು ಬೆಚ್ಚಿಬೀಳುತ್ತಾಳೆ ಎಂದುಕೊಂಡಿದ್ದೆ.

"ನಂಗೆ ಗೊತ್ತಿತ್ತು" ಎಂದಳು.

"ಏನಂದಿ?"

"ಗೊತ್ತಿತ್ತು, ಮಮ್ಮಿ. ಬೇಡ ಆಗಿದ್ದು ಅಂದ್ರೆ ನಂಗೆ ಮೊದಲು ಅವಳೇ ನೆನಪಾದ್ಲು. ಈ ಬಿಲ್ಡಿಂಗ್‌ನಲ್ಲಿ ನನ್ ಜೊತೆ ಅದೆಲ್ಲ ಮಾತಾಡೋದು ಅವಳೊಬ್ಬಳೇ. ನಾನೇ ಕೇಳ್ದೆ ಅವಳನ್ನ. ಅವಳು ಎಷ್ಟು ಖುಷಿಯಿಂದ ಕೊಟ್ಲು, ನಿಂಗೆ ಗೊತ್ತಾ? ಯಾರಾದ್ರೂ ಹಾಕ್ಕೊಳ್ತಾರೆ ಅಂತ."

"ಖುಷಿ ತಗೊಂಡು ಏನು ಮಾಡ್ಲಿ? ನನಗ ಕೂಸು ಉಳೀಬೇಕು."

"ಆಗ ನಾನು ಕೊಟ್ಟ ನನ್ನ ಬೇಬಿದು ಬಟ್ಟೇನೂ ಯಾರೋ ಹಿಂಗೇ ಕಟ್ ಮಾಡಿ ತೆಗೆದಿರ್ತಾರೆ ಅಲ್ಲ?" ಎಂದಳು. ದನಿ ಎತ್ತಲಿಲ್ಲ. ಅದನ್ನು ಕೇಳಿಯೂ ನಾನು ತುಂಡನ್ನು ಡಬ್ಬಿಯಿಂದ ತೆಗೆಯಲಿಲ್ಲ. ಸರಿ ಯಾವುದು, ತಪ್ಪು ಯಾವುದು ಎಂದು ನೋಡುವ ಹೊತ್ತು ಅದಲ್ಲ ಎಂದು ನನಗೆ ಅನಿಸಿತ್ತು. ಈಗಲೂ ಹಾಗೇ ಅನಿಸುತ್ತದೆ.

ಅದೇ ವಾರ ಮಗಳಿಗೆ ನೀರು ಹೋಯಿತು. ಹೆರಿಗೆಗೆ ಇನ್ನೂ ದಿನ ಬಹಳ ಇದ್ದವು. ಆಸ್ಪತ್ರೆಗೆ ಹೋಗುವ ದಾರಿಯುದ್ದಕ್ಕೂ ಅಳಿಯ ಡ್ರೈವರನ ಪಕ್ಕ ಕೂತು, ತಿರುಗಿ ನೋಡದೆ, ಕೈ ಮಾತ್ರ ಹಿಂದಕ್ಕೆ ಚಾಚಿ ಅವಳ ಮೊಣಕಾಲು ಹಿಡಿದುಕೊಂಡಿದ್ದ. ಹೆಣ್ಣು ಕೂಸು ಹುಟ್ಟಿತು. ಅತ್ತಿತು ಎಂದರು. ನಾನು ಕೇಳಿಸಿಕೊಳ್ಳಲಿಲ್ಲ, ನನ್ನನ್ನು ಒಳಗೆ ಬಿಟ್ಟಿರಲಿಲ್ಲ.

ಗಾಜಿನ ಪೆಟ್ಟಿಗೆಯಲ್ಲಿಟ್ಟಿದ್ದರು. ಮೈಮೇಲೆ ಬಟ್ಟೆಯೇ ಇಲ್ಲ. ಹೊರಗಿನ ಯಾವ ಬಟ್ಟೆಯನ್ನೂ ಒಳಗೆ ಬಿಡುವುದಿಲ್ಲ ಎಂದು ನರ್ಸು ಕುಂಚಿಗೆಯನ್ನು ನೋಡದೆಯೇ ಹೇಳಿದಳು. ಮನೆಮನೆಯ ಬಾಗಿಲಲ್ಲಿ ಬೇಡಿ ತಂದದ್ದು ನನ್ನ ಚೀಲದಲ್ಲೇ ಉಳಿಯಿತು. ಪೆಟ್ಟಿಗೆಗೆ ಅಂಟಿಸಿದ್ದ ಚೀಟಿಯಲ್ಲಿ ನನ್ನ ಮಗಳ ಹೆಸರಿತ್ತು, ಮುಂದೆ ಬೇಬಿ ಎಂದಿತ್ತು. ನೋಡಲು ಬಿಟ್ಟ ಸ್ವಲ್ಪ ಹೊತ್ತಿನಲ್ಲಿ ಗಾಜಿನ ಹತ್ತಿರ ಬಾಯಿ ತಂದು, ನನ್ನ ಹೆಸರನ್ನೇ ಅದಕ್ಕೆ ಕೊಟ್ಟೆ. ತಿಪ್ಪೆಯ ಹೆಸರು. ಇದು ಯಾರಿಗೂ ಬೇಕಾದದ್ದಲ್ಲ, ಬಿಸಾಕಿದ್ದು, ಬಿಟ್ಟು ಹೋಗಿ ಎಂದು ಮನಸ್ಸಿನಲ್ಲೇ ಕೈಮುಗಿದೆ.

ಮರುದಿನ ಬೆಳಿಗ್ಗೆ ಒಂಬತ್ತನೆಯ ಮಹಡಿಯ ಹುಡುಗಿ ಕಾರಿಡಾರಿನಲ್ಲಿ ಬರುತ್ತಿರುವುದು ಕಂಡಿತು. ಕೈಯಲ್ಲಿ ಏನೂ ಇರಲಿಲ್ಲ. ನನ್ನ ಮೈ ಉರಿಯಿತು. ಎದ್ದು ಅಡ್ಡ ನಿಂತೆ. "ನೀನು ಮನೆಗೆ ಹೋಗು" ಎಂದು ಹಿಂದಿಯಲ್ಲಿ ಹೇಳಿದೆ. ಅವಳು ನಿಂತಳು. ಅವಳಿಗೆ ಅರ್ಥವಾಗಿತ್ತು. ತಿರುಗಿ ಹೋಗುವವಳೂ ಇದ್ದಳೇನೋ. ನನ್ನ ಹಿಂದೆ ಗಾಲಿಕುರ್ಚಿಯ ಸದ್ದಾಯಿತು.

"ಮಮ್ಮಿ, ಹಟ್."

ಮಗಳು ನನ್ನೊಂದಿಗೆ ಹಾಗೆ ಎಂದೂ ಮಾತಾಡಿರಲಿಲ್ಲ. ನಾನು ಸರಿದೆ.

ಆ ಹುಡುಗಿ ಮಗಳ ಕುರ್ಚಿಯ ಪಕ್ಕ ಕಾರಿಡಾರಿನ ನೆಲದ ಮೇಲೆ ಕೂತಳು. ಸಮಾಧಾನದ ಮಾತು ಒಂದೂ ಆಡಲಿಲ್ಲ. ಆ ಪೆಟ್ಟಿಗೆಗೆ ಎರಡು ದುಂಡು ಕಿಂಡಿ ಇರುತ್ತವೆ, ಕೈ ತೊಳೆದುಕೊಂಡು ಒಳಗೆ ಹಾಕಬಹುದು, ನರ್ಸನ್ನು ಕೇಳು, ಅವರಾಗಿ ಹೇಳುವುದಿಲ್ಲ ಎಂದಳು. ಅಷ್ಟೇ. ಆಮೇಲೆ, "ನಾನು ಹೆದರಿದೆ. ಮುಟ್ಟಿದರೆ ಏನಾದರೂ ಆದೀತೆಂದು ಕೈ ಹಾಕಲಿಲ್ಲ. ನೀನು ಹಾಕು" ಎಂದಳು. ಅವಳ ಹಿಂದಿ ನನಗೆ ಪೂರ್ತಿ ತಿಳಿಯಿತು.

ನನ್ನ ಮಗಳು ಕೈ ಹಾಕಿದಳು. ಕೂಸು ಅವಳ ಕಿರುಬೆರಳನ್ನು ಹಿಡಿಯಿತು. ಅಳಿಯ ಗಾಜಿನ ಹೊರಗಿನಿಂದ ನೋಡಿ ನನ್ನ ಹತ್ತಿರ ಓಡಿ ಬಂದು, "ಹಿಡಿದಿದೆ ಅತ್ತೆ, ಗಟ್ಟಿ ಹಿಡಿದಿದೆ" ಎಂದ. ಮುಂದಿನ ಎರಡು ಮೂರು ದಿನ ನಾವು ಆ ಹಿಡಿತದ ಮೇಲೆ ಬದುಕಿದೆವು. ಯಾರು ಫೋನ್ ಮಾಡಿದರೂ ಅದನ್ನೇ ಹೇಳುತ್ತಿದ್ದೆವು.

ಆಮೇಲೆ ಬಿಟ್ಟಿತು.

ಆ ಬೆಳಿಗ್ಗೆಯ ಬಗ್ಗೆ ಹೆಚ್ಚು ಬರೆಯಲು ನನ್ನಿಂದಾಗುವುದಿಲ್ಲ. ಬಿಸಿಲು ಚೆನ್ನಾಗಿತ್ತು. ಕ್ಯಾಂಟೀನಿನಿಂದ ಉಪ್ಪಿಟ್ಟಿನ ಒಗ್ಗರಣೆಯ ವಾಸನೆ ಬರುತ್ತಿತ್ತು, ನನಗೆ ಹಸಿವಾಯಿತು, ಹಸಿವಾದದ್ದಕ್ಕೆ ನನ್ನ ಮೇಲೆ ನನಗೇ ಹೇಸಿಗೆಯಾಯಿತು. ಯಾರನ್ನು ದೂರಬೇಕೋ ತಿಳಿಯಲಿಲ್ಲ. ಆ ಬಟ್ಟೆಯನ್ನು ಹಚ್ಚಿದ್ದಕ್ಕೆ ಹೋಯಿತು ಎಂದು ಒಂದು ಗಳಿಗೆ, ಬಿಚ್ಚಿದ್ದಕ್ಕೆ ಹೋಯಿತು ಎಂದು ಮತ್ತೊಂದು ಗಳಿಗೆ. ಡಾಕ್ಟರು ಶ್ವಾಸಕೋಶ ಎಂದರು. ಅದು ಅವರ ಭಾಷೆ.

ಅಳಿಯ ಮುಂದಿನ ಏರ್ಪಾಡಿಗೆ ಹೋದ. ಅಷ್ಟು ಸಣ್ಣ ಕೂಸನ್ನು ನಮ್ಮಲ್ಲಿ ಸುಡುವುದಿಲ್ಲ, ಮಣ್ಣಿಗೆ ಕೊಡುತ್ತಾರೆ. ನರ್ಸು ಆಸ್ಪತ್ರೆಯ ಹಸಿರು ಬಟ್ಟೆಯಲ್ಲಿ ಸುತ್ತಿ ತಂದು ಮಗಳ ತೊಡೆಯ ಮೇಲಿಟ್ಟಳು. ಈಗ ಯಾವ ಬಟ್ಟೆಗೂ ಅಡ್ಡಿಯಿರಲಿಲ್ಲ.

"ಕುಂಚಿ ಕೊಡು" ಎಂದಳು ಮಗಳು.

ಕೊಟ್ಟೆ. ಅವಳು ಅದನ್ನು ತಿರುವಿ, ಕೆನ್ನೆ ತಾಗುವ ಕಡೆಯ ನೀಲಿ ತುಂಡಿನ ಮೇಲೆ ಬೆರಳಿಟ್ಟಳು.

"ಡಕ್ ಎಲ್ಲಿ ಇಟ್ಟಿ?"

"ಡಬ್ಬಿಯೊಳಗ ಐತಿ."

"ವಾಪಸ್ ಹಚ್ಚು."

"ಈಗೇನವಾ..."

"ಹಚ್ಚು, ಮಮ್ಮಿ. ಇವಳು ಒಬ್ಬಳೇ ಹೋಗ್ಬಾರ್ದು. ಅಲ್ಲಿ ಆ ಮಗು ಇದೆ ಅಲ್ಲ. ಅದ್ರದು ಬಟ್ಟೆ ಇದ್ರೆ ಗುರುತು ಹಿಡೀತದೆ."

ಯಾವ ಗುರುತು ಸಿಗಬಾರದೆಂದು ನಾನು ಒದ್ದಾಡಿದೆನೋ, ಆ ಗುರುತೇ ಈಗ ಅವಳಿಗೆ ಬೇಕಾಗಿತ್ತು. ನಾನು ಬೆಂಚಿನ ಮೇಲೆ ಕೂತು ಡಬ್ಬಿ ತೆಗೆದೆ. ಒಂದು ಕ್ಷಣ, ನನ್ನ ಅಜ್ಜಿಯ ಹಳೆಯ ತುಂಡುಗಳನ್ನು ಮಾತ್ರ ಬಿಡಿಸಿ ಇಟ್ಟುಕೊಳ್ಳಲೇ ಎಂದು ಆಸೆಯಾಯಿತು. ನಾನು ಉಟ್ಟದ್ದು, ಮಗಳು ಉಟ್ಟದ್ದು, ನನ್ನ ಜೀವ ಉಳಿಸಿತೆಂದು ಜೀವಮಾನವಿಡೀ ನಂಬಿದ್ದು. ಮಗಳ ಮುಖ ನೋಡಿದೆ. ಇಟ್ಟುಕೊಂಡು ಇನ್ನು ಯಾರಿಗೆ ತೊಡಿಸಲಿ? ಕತ್ತರಿಯನ್ನು ನನ್ನ ನೀಲಿ ತುಂಡಿಗೆ ಮಾತ್ರ ಹಾಕಿದೆ.

ಸೂಜಿಯ ಕಣ್ಣಿಗೆ ದಾರ ಹೋಗಲಿಲ್ಲ. ಎಂಜಲು ಹಚ್ಚಿ ಮತ್ತೆ ಮತ್ತೆ ನೋಡಿದೆ. ಒಂಬತ್ತನೆಯ ಮಹಡಿಯ ಹುಡುಗಿ ಯಾವಾಗ ಬಂದಳೋ, ಪಕ್ಕದಲ್ಲಿ ಕೂತು ಸೂಜಿ ತೆಗೆದುಕೊಂಡು ದಾರ ಪೋಣಿಸಿ ಕೊಟ್ಟಳು. ಬಾತುಕೋಳಿಯ ತುಂಡನ್ನು ನಾನು ಅದರ ಜಾಗಕ್ಕೆ ಇಟ್ಟಾಗ, ಅದು ಸರಿಯದಂತೆ ಒಂದು ತುದಿಯನ್ನು ಹಿಡಿದುಕೊಂಡಳು. ಆ ಹುಡುಗಿಯನ್ನು ನಾನು ಕಾರಿಡಾರಿನಲ್ಲಿ ತಡೆದಿದ್ದೆ. ಅವಳು ಅದನ್ನು ಮನಸ್ಸಿನಲ್ಲಿ ಇಟ್ಟುಕೊಂಡಂತೆ ಕಾಣಲಿಲ್ಲ. ಅವಳ ಕಣ್ಣು ಆ ಬಟ್ಟೆಯ ಮೇಲೇ ಇತ್ತು.

ನರ್ಸು ಎರಡು ಸಲ ಬಂದು, ಬೇಗ ಮಾಡಿ ಎಂದು ಹೋದಳು. ನಾನು ಅವಸರ ಮಾಡಲಿಲ್ಲ. ಅಜ್ಜಿ ಕಲಿಸಿದ ಹಾಗೆ ಸಣ್ಣ ಸಣ್ಣ ಹೊಲಿಗೆ ಹಾಕಿದೆ, ಮಡಿಕೆಯನ್ನು ಹೊರಗಡೆಗೆ ತಿರುಗಿಸಿದೆ, ಕೊನೆಯ ಗಂಟನ್ನೂ ಹೊರಗಡೆಗೇ ಹಾಕಿ ಹಲ್ಲಿನಿಂದ ದಾರ ಕಡಿದೆ. ಮಗಳಿಗೆ ಕೊಟ್ಟೆ. ಅವಳು ಕೂಸಿಗೆ ತೊಡಿಸುವ ಮೊದಲು ಕುಂಚಿಗೆಯೊಳಗೆ ಕಿರುಬೆರಳು ಹಾಕಿ, ಹೊಲಿಗೆಯ ಉದ್ದಕ್ಕೂ ನಿಧಾನವಾಗಿ ಸವರಿದಳು.

"ಚುಚ್ಚಲ್ಲ ಅಲ್ಲ, ಮಮ್ಮಿ?"

"ಇಲ್ಲವಾ" ಎಂದೆ. "ಚುಚ್ಚೂದಿಲ್ಲ."